ಎಲ್ಲಕ್ಕೂ ಹೂಂ ಎಂದ ನಕಲಿ

ಟೆಸ್ಟುಗಳೆಲ್ಲ ಹಸಿರಾಗಿದ್ದ ಸಾಫ್ಟ್‌ವೇರೊಂದನ್ನು ನಾನು ಮೈಸೂರಿನ ಒಂದು ಆಸ್ಪತ್ರೆಗೆ ಕೊಟ್ಟೆ. ರೋಗಿಗಳಿಗೆ ಕನ್ನಡದಲ್ಲಿ ಎಸ್‌ಎಂಎಸ್ ಕಳುಹಿಸುವುದು ಅದರ ಕೆಲಸಗಳಲ್ಲೊಂದು: ಡಾಕ್ಟರನ್ನು ಕಾಣುವ ದಿನ, ಹೊತ್ತು, ದಿನ ಬದಲಾದರೆ ಅದರ ಸುದ್ದಿ. ಕೆಲವು ವಿಭಾಗಗಳ ಸಂದೇಶಗಳು ಯಾರಿಗೂ ತಲುಪಲೇ ಇಲ್ಲ. ತಲುಪಿಲ್ಲವೆಂಬುದು ನಮಗೆ ತಿಳಿಯಲೂ ಇಲ್ಲ, ಏಕೆಂದರೆ ಸ್ಕ್ರೀನಿನಲ್ಲಿ ಪ್ರತಿಯೊಂದರ ಮುಂದೆಯೂ ‘ಕಳುಹಿಸಲಾಗಿದೆ’ ಎಂದೇ ಬರುತ್ತಿತ್ತು. ಅದನ್ನು ನಂಬಿ ಆಸ್ಪತ್ರೆಯವರು ರೋಗಿಗಳಿಗೆ ಫೋನ್ ಮಾಡುವ ಹಳೆಯ ರೂಢಿಯನ್ನು ಬಿಟ್ಟಿದ್ದರು.

ಎಚ್.ಡಿ. ಕೋಟೆ ಕಡೆಯ ಒಬ್ಬ ಅಜ್ಜಿ ರಕ್ತಪರೀಕ್ಷೆಗೆಂದು ಖಾಲಿ ಹೊಟ್ಟೆಯಲ್ಲಿ ಬೆಳಗಿನ ಬಸ್ಸು ಹಿಡಿದು ಬಂದರು. ಡಾಕ್ಟರು ಅಂದು ರಜೆ. ಸಕ್ಕರೆ ಕಾಯಿಲೆಯ ಜೀವ, ಹಸಿವಿಗೆ ತಲೆ ಸುತ್ತಿ ಬೆಂಚಿನ ಮೇಲೆ ಕುಸಿದು ಕೂತರು. ಕೌಂಟರಿನಲ್ಲಿದ್ದ ಹೆಣ್ಣುಮಗಳು ಅವರಿಗೆ ತಿನ್ನಲು ಕೊಟ್ಟು, ಆಮೇಲೆ ನನಗೆ ಫೋನ್ ಮಾಡಿದರು. “ಸಾರ್, ನಿಮ್ಮ ಸ್ಕ್ರೀನಲ್ಲಿ ಹೋಗಿದೆ ಅಂತಿದೆ. ಅಜ್ಜಿ ಮೊಮ್ಮಗನ ಫೋನಲ್ಲಿ ಏನೂ ಬಂದಿಲ್ಲ. ನಾನು ಯಾವುದನ್ನ ನಂಬಲಿ?”

ನಂಬಬೇಕಾದ್ದು ಮೊಮ್ಮಗನ ಫೋನನ್ನು. ಸ್ಕ್ರೀನು ಸುಳ್ಳು ಹೇಳುವ ಹಾಗಾದದ್ದು ನನ್ನ ಟೆಸ್ಟುಗಳಿಂದ.

ಹೆಬ್ಬಾಳ ಕೈಗಾರಿಕಾ ಪ್ರದೇಶದ ನಮ್ಮ ಪುಟ್ಟ ಆಫೀಸಿನಲ್ಲಿ ಕೆಲಸವೆಲ್ಲ ಸ್ಪ್ರಿಂಗ್ ಬೂಟ್ ಎಂಬ ಜಾವಾ ಫ್ರೇಮ್‌ವರ್ಕ್‌ನಲ್ಲಿ. ಈ ಕಸುಬಿನವರಲ್ಲದವರಿಗೆ ಎರಡು ಮಾತು. ಒಂದು ಕ್ಲಾಸಿಗೆ ಎಸ್‌ಎಂಎಸ್ ಕಳುಹಿಸುವ ಕೋಡ್ ಬೇಕೆನ್ನಿ. ಅದನ್ನು ಆ ಕ್ಲಾಸು ತಾನೇ ಹುಟ್ಟಿಸಿಕೊಳ್ಳುವುದಿಲ್ಲ. ‘ಇಂಥ ಕೆಲಸ ಮಾಡುವವರೊಬ್ಬರು ಬೇಕು’ ಎಂದು ಕನ್‌ಸ್ಟ್ರಕ್ಟರ್‌ನಲ್ಲಿ ಕೇಳುತ್ತದೆ, ಯಾರನ್ನು ಕೊಡಬೇಕೆಂಬುದನ್ನು ಫ್ರೇಮ್‌ವರ್ಕ್ ನೋಡಿಕೊಳ್ಳುತ್ತದೆ. ಮಾರ್ಟಿನ್ ಫೌಲರ್ 2004ರ ಜನವರಿಯಲ್ಲಿ ಬರೆದ ಲೇಖನದಿಂದ ಇದಕ್ಕೆ ಡಿಪೆಂಡೆನ್ಸಿ ಇಂಜೆಕ್ಷನ್ ಎಂಬ ಹೆಸರು ನಿಂತಿತು. ಅದೇ ವರ್ಷ ಸ್ಪ್ರಿಂಗ್‌ನ ಮೊದಲ ಪೂರ್ಣ ಆವೃತ್ತಿಯೂ ಬಂತು. ಇದರ ದೊಡ್ಡ ಲಾಭ ಟೆಸ್ಟ್ ಬರೆಯುವಾಗ ಸಿಗುತ್ತದೆ. ಅಸಲಿ ಎಸ್‌ಎಂಎಸ್ ಗೇಟ್‌ವೇಗೆ ದುಡ್ಡು ಕೊಟ್ಟು ಸಂದೇಶ ಕಳುಹಿಸುವ ಬದಲು ಅದೇ ಜಾಗಕ್ಕೆ ಒಂದು ನಕಲಿಯನ್ನು ಕೂರಿಸಬಹುದು. ಕೇಳಿದ ಕ್ಲಾಸಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. 2016ರಲ್ಲಿ ಸ್ಪ್ರಿಂಗ್ ಬೂಟ್ 1.4 ಜೊತೆಗೆ ಬಂದ ಮಾಕ್‌ಬೀನ್ ಇದನ್ನು ಒಂದೇ ಸಾಲಿನ ಕೆಲಸ ಮಾಡಿಬಿಟ್ಟಿತು.

ಆ ಒಂದು ಸಾಲನ್ನು ನಾನು ತಪ್ಪು ಜಾಗದಲ್ಲಿ ಬರೆದೆ. ಗೇಟ್‌ವೇ ಜೊತೆ ಮಾತಾಡುವ ತೆಳುವಾದ ಎಚ್‌ಟಿಟಿಪಿ ಕ್ಲೈಂಟನ್ನಷ್ಟೇ ಬದಲಿಸಿದ್ದರೆ ಸಾಕಿತ್ತು. ನಾನು ಬದಲಿಸಿದ್ದು ಇಡೀ ನೋಟಿಫಿಕೇಶನ್ ಸರ್ವಿಸನ್ನು. ಟೆಂಪ್ಲೇಟ್ ತುಂಬುವುದು, ಉದ್ದ ಎಣಿಸುವುದು, ಮೀರಿದರೆ ಮೊಟಕುಗೊಳಿಸುವುದು, ಸೋತರೆ ಮತ್ತೆ ಕಳುಹಿಸುವುದು ಎಲ್ಲ ಅದರೊಳಗೇ ಇತ್ತು. ನಾನು ಕಷ್ಟಪಟ್ಟು ಬರೆದ ಆ ಕೋಡಿನ ಒಂದು ಸಾಲೂ ಯಾವ ಟೆಸ್ಟಿನಲ್ಲೂ ಓಡಲಿಲ್ಲ. ಅದರ ಜಾಗದಲ್ಲಿ ಕೂತಿದ್ದ ನಕಲಿ ಯಾರು ಏನು ಕೊಟ್ಟರೂ ‘ಟ್ರೂ’ ಎಂದು ಹಿಂದಿರುಗಿಸುತ್ತಿತ್ತು.

ಇದು ಯಾರ ಕಣ್ಣಿಗೂ ಬೀಳದೆ ಹೋದದ್ದಕ್ಕೂ ಕಾರಣ ನಾನೇ. ಟೆಸ್ಟ್ ಕ್ಲಾಸುಗಳಲ್ಲಿ ಬೇರೆ ಬೇರೆ ಮಾಕ್‌ಬೀನ್‌ಗಳಿದ್ದರೆ ಸ್ಪ್ರಿಂಗ್ ಪ್ರತಿ ಜೋಡಣೆಗೂ ಹೊಸ ಕಾಂಟೆಕ್ಸ್ಟ್ ಕಟ್ಟುತ್ತದೆ, ಮೊದಲಿನದನ್ನು ಮರುಬಳಸುವುದಿಲ್ಲ. ಟೆಸ್ಟುಗಳು ನಿಧಾನವಾದವು. ವೇಗಕ್ಕಾಗಿ ಎಲ್ಲ ನಕಲಿಗಳನ್ನೂ ಒಂದು ಬೇಸ್ ಕ್ಲಾಸಿಗೆ ಸೇರಿಸಿ, ಮಿಕ್ಕವೆಲ್ಲ ಅದರಿಂದ ಇಳಿಯುವಂತೆ ಮಾಡಿದೆ. ವೇಗವೇನೋ ಬಂತು. ಆದರೆ ಅಲ್ಲಿಂದ ಮುಂದೆ ಟೆಸ್ಟ್ ಬರೆದ ಯಾರಿಗೂ ತಮ್ಮ ಕೈಯಲ್ಲಿರುವುದು ಅಸಲಿಯೋ ನಕಲಿಯೋ ಎಂದು ತಮ್ಮ ಫೈಲಿನಲ್ಲಿ ಕಾಣಿಸುತ್ತಿರಲಿಲ್ಲ.

ಅಸಲಿಯ ನಡವಳಿಕೆ ಎಂಥದ್ದು? ವ್ಯಾಪಾರದ ಎಸ್‌ಎಂಎಸ್‌ಗಳಿಗೆ ಟೆಲಿಕಾಂ ನಿಯಂತ್ರಕ ಟ್ರಾಯ್ 2018ರಲ್ಲಿ ನಿಯಮ ತಂದಿತು. ಕಳುಹಿಸುವವರು ಸಂದೇಶದ ಟೆಂಪ್ಲೇಟನ್ನು ಮೊದಲೇ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ವೇದಿಕೆಯಲ್ಲಿ ನೋಂದಾಯಿಸಬೇಕು. ಹೋಗುವ ಪ್ರತಿ ಸಂದೇಶವನ್ನೂ ಟೆಲಿಕಾಂ ಕಂಪನಿಗಳು ಅದಕ್ಕೆ ಹೋಲಿಸಿ ನೋಡುತ್ತವೆ, ಹೊಂದದಿದ್ದರೆ ತಡೆಯುತ್ತವೆ. 2021ರ ಮಾರ್ಚ್ 8ರಂದು ಈ ತಪಾಸಣೆ ಶುರುವಾದಾಗ ದೇಶದಾದ್ಯಂತ ಒಟಿಪಿಗಳೇ ನಿಂತುಹೋದವು, ಟ್ರಾಯ್ ಅದನ್ನು ಒಂದು ವಾರ ತಡೆಹಿಡಿಯಬೇಕಾಯಿತು. ನಾವು ಬಳಸುತ್ತಿದ್ದ ಟೆಂಪ್ಲೇಟಿನಲ್ಲಿ ಹೆಸರು, ವಿಭಾಗ, ದಿನ ತುಂಬುವ ಪ್ರತಿ ಖಾಲಿ ಜಾಗಕ್ಕೂ 30 ಕ್ಯಾರೆಕ್ಟರುಗಳ ಮಿತಿ.

ಈ ಮಿತಿ ಕನ್ನಡಕ್ಕೆ ಎಷ್ಟು ಬಿಗಿ ಎನ್ನುವುದನ್ನು ನಾನು ಯೋಚಿಸಿರಲಿಲ್ಲ. ‘ಸಕ್ಕರೆ ಕಾಯಿಲೆ ಮತ್ತು ಥೈರಾಯ್ಡ್ ವಿಭಾಗ’ ಎಂಬುದನ್ನು ನಾವು ಓದುವಂತೆ ಎಣಿಸಿದರೆ 14 ಅಕ್ಷರ, ಪದಗಳ ನಡುವೆ 4 ಖಾಲಿ ಜಾಗ, ಒಟ್ಟು 18. ಯುನಿಕೋಡ್‌ನಲ್ಲಿ ಒತ್ತು, ಕೊಂಬು, ದೀರ್ಘ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ಅದೇ ಹೆಸರು 34 ಆಗುತ್ತದೆ. ಉದ್ದ ಎಣಿಸುವ ನನ್ನ ಕೋಡು ಕನ್ನಡಿಗನಂತೆ ಅಕ್ಷರ ಎಣಿಸಿ, ಇನ್ನೂ ಜಾಗವಿದೆ ಎಂದುಕೊಂಡು ಬಿಟ್ಟುಬಿಡುತ್ತಿತ್ತು. ಟೆಲಿಕಾಂ ಕಂಪನಿ 34 ಎಣಿಸಿ ತಡೆಯುತ್ತಿತ್ತು. ಸಂದೇಶದ ಒಟ್ಟು ಉದ್ದಕ್ಕೂ ಇದೇ ಕಷ್ಟ: ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಹಿಡಿಸಿದರೆ ಕನ್ನಡದಲ್ಲಿ 70 ಮಾತ್ರ. ನನ್ನ ಟೆಸ್ಟುಗಳಲ್ಲಿದ್ದ ವಿಭಾಗದ ಹೆಸರು ‘ಟೆಸ್ಟ್ ಡಿಪಾರ್ಟ್‌ಮೆಂಟ್’, ಅದೂ ಇಂಗ್ಲಿಷ್ ಲಿಪಿಯಲ್ಲಿ. ಕನ್ನಡ ರೋಗಿಗಳಿಗಾಗಿ ಕನ್ನಡಿಗನೊಬ್ಬ ಬರೆದ ಟೆಸ್ಟುಗಳಲ್ಲಿ ಒಂದು ಕನ್ನಡ ಅಕ್ಷರವೂ ಇರಲಿಲ್ಲ. ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ನೋಯಿಸಿದ್ದು ಇದು.

ಇನ್ನೊಂದು ಸಂಗತಿ. ಅಸಲಿ ಗೇಟ್‌ವೇ ಸಂದೇಶ ತಲುಪಿತೆಂದು ತಕ್ಷಣ ಹೇಳುವುದೇ ಇಲ್ಲ. ‘ತೆಗೆದುಕೊಂಡಿದ್ದೇನೆ’ ಎಂದು ಒಂದು ನಂಬರು ಕೊಡುತ್ತದೆ. ತಲುಪಿತೋ ಇಲ್ಲವೋ ಎಂಬ ಡೆಲಿವರಿ ರಿಪೋರ್ಟ್ ಆಮೇಲೆ ಬರುತ್ತದೆ. ನಕಲಿಗೆ ‘ಟ್ರೂ’ ಎನ್ನುವುದು ಸುಲಭವೆಂದು ನಾನು ಇಂಟರ್‌ಫೇಸನ್ನೇ ಹೌದು-ಅಲ್ಲ ಎರಡರಲ್ಲಿ ಮುಗಿಯುವಂತೆ ಬರೆದಿದ್ದೆ. ‘ಇನ್ನೂ ಗೊತ್ತಿಲ್ಲ’ ಎಂಬ ಸ್ಥಿತಿಗೆ ಅದರಲ್ಲಿ ಎಡೆಯೇ ಇರಲಿಲ್ಲ. ಹಾಗಾಗಿ ‘ತೆಗೆದುಕೊಂಡಿದ್ದೇನೆ’ ಎಂಬುದು ಸ್ಕ್ರೀನಿನಲ್ಲಿ ‘ಕಳುಹಿಸಲಾಗಿದೆ’ ಆಯಿತು. ಸಂದೇಶ ತಡೆಯಲಾಗಿದೆ ಎಂಬ ರಿಪೋರ್ಟುಗಳು ನಮ್ಮ ಸರ್ವರ್‌ಗೆ ಬಂದು ಲಾಗ್ ಫೈಲಿನಲ್ಲಿ ಸಾಲಾಗಿ ಬಿದ್ದಿದ್ದವು. ಅವುಗಳಲ್ಲಿ ಅಜ್ಜಿಯದೂ ಒಂದು.

ಆ ದಿನಗಳಲ್ಲಿ ದಸರಾ ಆನೆಗಳ ತಾಲೀಮು ನಡೆಯುತ್ತಿತ್ತು. ಮೈಸೂರಿನವರಿಗೆ ಇದನ್ನು ವಿವರಿಸಬೇಕಿಲ್ಲ. 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ತಾಲೀಮಿಗೆ ಹೊರಿಸುವುದಿಲ್ಲ. ಮೊದಲು ಮರಳಿನ ಮೂಟೆ, ದಿನಕಳೆದಂತೆ ಹೆಚ್ಚು ತೂಕ, ಆಮೇಲೆ ಮರದ ಅಂಬಾರಿ. ಬದಲಾಗುವುದು ಬೆನ್ನಿನ ಮೇಲಿನ ಭಾರವೊಂದೇ. ಆನೆ ಅದೇ, ಮಾವುತ ಅವನೇ, ಅರಮನೆಯಿಂದ ಬನ್ನಿಮಂಟಪದ ದಾರಿಯೂ ಅದೇ. ಜೊತೆಗೆ ಆನೆ ಬೆಚ್ಚಬಾರದೆಂದು ಫಿರಂಗಿ ಸಿಡಿಸಿ ಸದ್ದಿನ ತಾಲೀಮು ಬೇರೆ. ನಾನು ಮಾಡಿದ್ದು ಇದಕ್ಕೆ ತಿರುಗುಮುರುಗು: ಆನೆಯನ್ನೇ ಬದಲಿಸಿ, ಭಾರ ಹೊರಿಸದೆ, ಸದ್ದು ಕೇಳಿಸದೆ, ಮೆರವಣಿಗೆಗೆ ಸಿದ್ಧವೆಂದು ಬರೆದುಕೊಟ್ಟಿದ್ದೆ.

ತಿದ್ದುವುದನ್ನು ಅಲ್ಲಿಂದಲೇ ಶುರುಮಾಡಿದೆ. ಬೇಸ್ ಕ್ಲಾಸಿನ ಮಾಕ್‌ಬೀನ್‌ಗಳನ್ನು ಕಿತ್ತುಹಾಕಿ, ಗೇಟ್‌ವೇ ಕ್ಲೈಂಟ್ ಒಂದನ್ನೇ ಬದಲಿಸುವಂತೆ ಮಾಡಿದೆ. ಮಾಕಿಟೊ ಲೈಬ್ರರಿಯ ಕೈಯಲ್ಲಿ ಮಾಡಿಸಿದ ಮಾಕ್ ಬಿಟ್ಟು, ಕೈಯಾರೆ ಒಂದು ನಕಲಿ ಗೇಟ್‌ವೇ ಬರೆದೆ. ಅದು 30 ಮೀರಿದ್ದನ್ನು ತಡೆಯುತ್ತದೆ, ನೋಂದಾಯಿಸಿದ ಟೆಂಪ್ಲೇಟಿಗೆ ಒಂದು ಚುಕ್ಕೆ ಹೊಂದದಿದ್ದರೂ ತಡೆಯುತ್ತದೆ, ‘ತೆಗೆದುಕೊಂಡಿದ್ದೇನೆ’ ಎಂದು ಹೇಳಿ ಸ್ವಲ್ಪ ತಡೆದು ರಿಪೋರ್ಟು ಕೊಡುತ್ತದೆ, ಕೆಲವೊಮ್ಮೆ ರಿಪೋರ್ಟನ್ನೇ ಕೊಡುವುದಿಲ್ಲ. ಬರೆದು ಮೊದಲ ಬಾರಿ ಓಡಿಸಿದಾಗ ಟೆಸ್ಟುಗಳು ಸಾಲಾಗಿ ಕೆಂಪಾದವು. ಆ ಕೆಂಪನ್ನು ಕಂಡು ನನಗಾದ ಸಮಾಧಾನ ಹಿಂದಿನ ಯಾವ ಹಸಿರಿನಿಂದಲೂ ಆಗಿರಲಿಲ್ಲ.

ಆದರೆ ನಕಲಿ ಅಸಲಿಯಂತೆಯೇ ನಡೆಯುತ್ತದೆ ಎಂದು ಹೇಳುವವರು ಯಾರು? ಫ್ರೇಮ್‌ವರ್ಕ್ ಹೇಳುವುದಿಲ್ಲ. ಇಂಟರ್‌ಫೇಸ್ ಹೊಂದುತ್ತದೆಯೇ ಎಂದಷ್ಟೇ ಅದು ನೋಡುತ್ತದೆ. ನಡತೆ ಅದರ ಲೆಕ್ಕಕ್ಕೆ ಸೇರಿದ್ದಲ್ಲ. ಆದ್ದರಿಂದ ಗೇಟ್‌ವೇ ಹೇಗೆ ನಡೆದುಕೊಳ್ಳಬೇಕೆಂಬ ಟೆಸ್ಟುಗಳನ್ನು ಒಂದೇ ಕಡೆ ಬರೆದು, ಅವನ್ನೇ ನಕಲಿಯ ಮೇಲೂ ಅಸಲಿಯ ಮೇಲೂ ಓಡಿಸುತ್ತೇವೆ. ನಕಲಿಯ ಮೇಲೆ ಪ್ರತಿ ಬಿಲ್ಡಿನಲ್ಲಿ. ಅಸಲಿಯ ಮೇಲೆ ರಾತ್ರಿ ಒಮ್ಮೆ, ನಮ್ಮದೇ ಆಫೀಸಿನ ಫೋನಿಗೆ. ಎರಡರಲ್ಲಿ ಒಂದು ಬೇರೆ ಉತ್ತರ ಕೊಟ್ಟ ದಿನ ನಕಲಿಯನ್ನು ತಿದ್ದುತ್ತೇವೆ. ಹೊಸಬರು ಇದನ್ನು ದಂಡದ ಖರ್ಚೆನ್ನುತ್ತಾರೆ. ಈ ವಿಷಯದಲ್ಲಿ ನಾನು ಬಗ್ಗುವುದಿಲ್ಲ.

ಕೆದಕುವಾಗ ಇನ್ನೊಂದು ಸಿಕ್ಕಿತು. ಒಂದೇ ಹೆಸರಿನ ಎರಡು ಬೀನ್ (ಫ್ರೇಮ್‌ವರ್ಕ್ ಜೋಡಿಸಿಕೊಡುವ ತುಣುಕು) ಬಂದರೆ 2018ರ ಸ್ಪ್ರಿಂಗ್ ಬೂಟ್ 2.1ರಿಂದ ಅಪ್ಲಿಕೇಶನ್ ಏಳುವುದೇ ಇಲ್ಲ. ಅದಕ್ಕೂ ಮೊದಲು ಒಂದರ ಮೇಲೊಂದು ಸದ್ದಿಲ್ಲದೆ ಕೂರುತ್ತಿತ್ತು. ಟೆಸ್ಟ್ ಏಳಲಿಲ್ಲವೆಂದು ನಾನು ಆ ತಡೆಯನ್ನು ಸೆಟ್ಟಿಂಗಿನಲ್ಲಿ ತೆಗೆದುಹಾಕಿದ್ದೆ, ಅದೂ ಪ್ರೊಡಕ್ಷನ್ ಕೂಡ ಓದುವ ಫೈಲಿನಲ್ಲಿ. ಅದರಿಂದ ಕೆಡುಕಾಗಲಿಲ್ಲ. ಆ ಸಾಲನ್ನು ಅಳಿಸಿ, ನಕಲಿಗಳೆಲ್ಲ ಟೆಸ್ಟ್ ಫೋಲ್ಡರಿನಲ್ಲೇ ಇರುವಂತೆ, ಆಸ್ಪತ್ರೆಗೆ ಹೋಗುವ ಜಾರ್ ಫೈಲಿನೊಳಗೆ ಸೇರದಂತೆ ನೋಡಿಕೊಂಡೆ.

ಆಸ್ಪತ್ರೆಯ ಸ್ಕ್ರೀನಿನಲ್ಲಿ ಈಗ ಮೂರು ಸ್ಥಿತಿಗಳಿವೆ: ಗೇಟ್‌ವೇಗೆ ಕೊಟ್ಟಿದೆ, ತಲುಪಿದೆ, ತಲುಪಿಲ್ಲ. ಮೊಮ್ಮಗ ನಂಬರು ಬದಲಿಸಿದರೆ, ಫೋನು ಆಫ್ ಆಗಿದ್ದರೆ, ಸಂದೇಶ ಓದಿ ಅಜ್ಜಿಗೆ ಹೇಳಲು ಮರೆತರೆ ಯಾವ ನಕಲಿಯೂ ನನಗೆ ಮುಂಚೆ ತಿಳಿಸಲಾರದು. ಅದಕ್ಕೆ, ಮರುದಿನದ ರೋಗಿಗಳಲ್ಲಿ ‘ತಲುಪಿದೆ’ ಎಂದು ಬಾರದವರ ಮತ್ತು ದಿನ ಬದಲಾದ ವಯಸ್ಸಾದವರೆಲ್ಲರ ಪಟ್ಟಿಯನ್ನು ಸಾಫ್ಟ್‌ವೇರ್ ಪ್ರತಿ ಸಂಜೆ ತೆಗೆದುಕೊಡುತ್ತದೆ. ನಾನು ಕೇಳಿಕೊಂಡ ಮೇಲೆ ಕೌಂಟರಿನವರು ಅವರಿಗೆ ಮತ್ತೆ ಫೋನ್ ಮಾಡಿ ಹೇಳುತ್ತಿದ್ದಾರೆ.