ಫುಟ್‌ಬಾಲ್, ಬೇಟೆ ಮತ್ತು ಒಂದು ರಾತ್ರಿಯ ಮಾತು

ಈ ಸಲ ರಂಗಪಂಚಮಿ ಮುಗಿದ ಮೇಲಿನ ಭಾನುವಾರ ನನ್ನ ಹಳೆಯ ವಿದ್ಯಾರ್ಥಿಗಳು ನಾಲ್ವರು ನಿಪ್ಪಾಣಿಯ ನಮ್ಮ ಮನೆಗೆ ಬಂದಿದ್ದರು. ಎಲ್ಲರೂ ಅರವತ್ತರ ಆಸುಪಾಸಿನವರು, ಮೊಮ್ಮಕ್ಕಳನ್ನು ಕಂಡವರು. ಕುಶಲ ವಿಚಾರಿಸುವುದು ಮುಗಿದು ಚಹಾ ಬರುವಷ್ಟರಲ್ಲಿ ಒಬ್ಬನು ಮೊಬೈಲನ್ನು ನೀರಿನ ತಂಬಿಗೆಗೆ ಆನಿಸಿ ಇಟ್ಟ. ಅದರಲ್ಲಿ ಕೊಲ್ಹಾಪುರದ ಶಾಹೂ ಕ್ರೀಡಾಂಗಣದ ಫುಟ್‌ಬಾಲ್ ಪಂದ್ಯ ನೇರವಾಗಿ ಬರುತ್ತಿತ್ತು. ನಾಲ್ವರೂ ಹುಡುಗರಂತೆ ಮುಂದಕ್ಕೆ ಬಾಗಿ ಕುಳಿತರು. ಆಟ ತುಸು ಸಪ್ಪಗಾದಾಗ ಮಾತು ಕಬ್ಬಿನ ಗದ್ದೆಗೆ ನುಗ್ಗುವ ಕಾಡುಹಂದಿಗಳ ಕಡೆಗೆ ಹೊರಳಿತು. "ಪರಿಹಾರಕ್ಕ ಅರ್ಜಿ ಕೊಟ್ಟು ಕುಂಡ್ರೂದಕ್ಕಿಂತ ಎರಡು ಗುಂಡು ಹಾಕೂದು ಚಲೋರಿ ಸರ" ಎಂದು ಒಬ್ಬ ಹೇಳಿದ. ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ. ಫುಟ್‌ಬಾಲ್ ಮತ್ತು ಬೇಟೆ, ಈ ಎರಡು ಮಾತುಗಳು ಒಟ್ಟಿಗೆ ಕಿವಿಗೆ ಬಿದ್ದರೆ ನನ್ನ ಮನಸ್ಸು 1986ರ ಜೂನ್ ತಿಂಗಳ ಒಂದು ರಾತ್ರಿಗೆ ಹೋಗಿ ನಿಲ್ಲುತ್ತದೆ. ಅದನ್ನು ಇಂದಿನವರೆಗೆ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ಇಂದು ಬರೆಯುತ್ತಿದ್ದೇನೆ.

ನಮ್ಮ ಗಡಿನಾಡಿಗೆ ಫುಟ್‌ಬಾಲ್ ಹುಚ್ಚು ಹತ್ತಿದ್ದು ಕೊಲ್ಹಾಪುರದಿಂದ. ಅಲ್ಲಿ ಕುಸ್ತಿಯ ತಾಲೀಮುಗಳೇ ಫುಟ್‌ಬಾಲ್ ತಂಡಗಳಾದವು. ಪಾಟಾಕಡೀಲ, ದಿಲ್‌ಬಹಾರ, ಖಂಡೋಬಾ, ಬಾಲಗೋಪಾಲ, ಇವೆಲ್ಲ ಮೂಲದಲ್ಲಿ ಮಟ್ಟಿ ಹಾಸಿದ ಅಖಾಡಾಗಳ ಹೆಸರುಗಳೇ. ಒಂದೊಂದು ಪೇಟೆಗೆ ಒಂದೊಂದು ತಂಡ. ತಂಡ ಸೋತರೆ ಆ ಪೇಟೆಯಲ್ಲಿ ಅಂದು ಯಾರ ಮುಖದಲ್ಲಿಯೂ ಕಳೆ ಇರುತ್ತಿರಲಿಲ್ಲ. ಅರವತ್ತರ ದಶಕದಲ್ಲಿ ನಾನು ಕೊಲ್ಹಾಪುರದಲ್ಲಿ ಕಾಲೇಜು ಓದುತ್ತಿದ್ದಾಗ ಊಟದ ದುಡ್ಡಿನಲ್ಲಿ ಉಳಿಸಿ ಪಂದ್ಯಗಳನ್ನು ನೋಡಿದ್ದುಂಟು. ವಿಶ್ವಕಪ್ ಬಂದರೆ ಆ ಊರಿನ ಗಲ್ಲಿಗಳಲ್ಲಿ ಇಂದಿಗೂ ಬ್ರೆಜಿಲ್, ಅರ್ಜೆಂಟೀನಾಗಳ ಬಾವುಟ ಹಾರುತ್ತವೆ.

ಆ ಹುಚ್ಚನ್ನು ನಾನು ನೌಕರಿಯ ಜೊತೆಗೇ ಕಟ್ಟಿಕೊಂಡು ಹೋದೆ. ನಾನು ಬಹುಕಾಲ ಕಲಿಸಿದ ಊರು ಆಗ ಅಥಣಿ ತಾಲ್ಲೂಕಿನಲ್ಲಿತ್ತು, ಈಗ ಕಾಗವಾಡ ತಾಲ್ಲೂಕಿಗೆ ಸೇರಿದೆ. ಶಾಲೆಯ ಹಿಂದಿನ ಬಯಲನ್ನು ಹುಡುಗರೊಡನೆ ನಾನೇ ಸಮ ಮಾಡಿದೆ. ಬೂಟು ಕೊಳ್ಳುವ ಶಕ್ತಿ ಯಾರಿಗೂ ಇರಲಿಲ್ಲ. ಅಥಣಿಯೆಂದರೆ ಚಪ್ಪಲಿಗೆ ಹೆಸರಾದ ಊರಷ್ಟೇ. ಅಲ್ಲಿಯ ಒಬ್ಬ ಕುಶಲಕರ್ಮಿ ಹಳೆಯ ಬೂಟುಗಳ ಅಡಿಗೆ ಚರ್ಮದ ಬಿಲ್ಲೆಗಳನ್ನು ಮೊಳೆ ಹೊಡೆದು ಕೂಡಿಸಿ ಕೊಡುತ್ತಿದ್ದ. ಆರು ಜೊತೆ ಬೂಟುಗಳನ್ನು ಹನ್ನೊಂದು ಜನ ಹಂಚಿಕೊಳ್ಳುತ್ತಿದ್ದರು. ಪ್ರತಿ ವರ್ಷ ರಂಗಪಂಚಮಿಯ ನಂತರದ ಭಾನುವಾರ ಹಳೆಯ ವಿದ್ಯಾರ್ಥಿಗಳಿಗೂ ಹೊಸಬರಿಗೂ ಒಂದು ಪಂದ್ಯ. ಅದಕ್ಕೆ ಕಪ್ಪಿಲ್ಲ, ಬಹುಮಾನವಿಲ್ಲ, ಸೋಲುಗೆಲುವಿನ ಲೆಕ್ಕವಿಲ್ಲ. ಆದರೂ ಊರೆಲ್ಲ ಬಂದು ನಿಲ್ಲುತ್ತಿತ್ತು. ಮುಂದಿನ ವರ್ಷದ ತಂಡಕ್ಕೆ ಯಾರು ಬರುವರು, ಯಾರ ಕಾಲಿಗೆ ಬಲವಿದೆ ಎಂಬ ಚರ್ಚೆ ಚಾವಡಿಯಲ್ಲಿ ವಾರಗಟ್ಟಲೆ ನಡೆಯುತ್ತಿತ್ತು.

ಆ ಆಟಗಳಲ್ಲಿ ನಾನು ಕಂಡ ಅತ್ಯುತ್ತಮ ಆಟಗಾರನು ಊರ ಹೊರಗಿನ ಹರಣಶಿಕಾರಿ ಗುಡಿಸಲುಗಳಿಂದ ಬರುತ್ತಿದ್ದ ಹುಡುಗ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಕಾಲದ ವಿದ್ಯಾರ್ಥಿಗಳಿಗೆ ಯಾರೆಂಬುದು ತಿಳಿದೀತು. ಬರಿಗಾಲಿನಲ್ಲಿಯೇ ಆಡುತ್ತಿದ್ದ. ಚೆಂಡು ಎಲ್ಲಿ ಬೀಳುವುದೆಂದು ಅವನಿಗೆ ಮೊದಲೇ ಗೊತ್ತಿರುತ್ತಿತ್ತು. ಒಮ್ಮೆ ಕೇಳಿದ್ದಕ್ಕೆ, "ಮೊಲ ಎತ್ತಾಗ ಹೊಳ್ಳತೈತಿ ಅನ್ನೂದು ಅದರ ಕಿವಿ ನೋಡಿದ್ರ ಗೊತ್ತಾಗತೈತಲ್ರಿ ಸರ, ಹಂಗ" ಎಂದಿದ್ದ.

ಹರಣವೆಂದರೆ ಜಿಂಕೆ. ಬೇಟೆಯೇ ಆ ಜನರ ಹೆಸರು, ಬೇಟೆಯೇ ಅನ್ನ. ಸಾಕಿದ ಕೌಜುಗವನ್ನು ಪಂಜರದಲ್ಲಿಟ್ಟು ಕೂಗಿಸಿ, ಆ ಕೂಗಿಗೆ ಬರುವ ಹಕ್ಕಿಗಳನ್ನು ಉರುಲಿಗೆ ಬೀಳಿಸುವುದರಲ್ಲಿ ಅವನ ತಂದೆ ನಿಪುಣ. ಇಂಗ್ಲಿಷರು 1871ರಲ್ಲಿ ತಂದ ಕಾನೂನು ಇಂತಹ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಕರೆಯಿತು. ಹುಬ್ಬಳ್ಳಿಯಲ್ಲಿ ಇಂದಿಗೂ ಸೆಟ್ಲ್‌ಮೆಂಟ್ ಎಂಬ ಬಡಾವಣೆ ಇದೆ. ಇಂತಹ ಜನರನ್ನು ತಂತಿಬೇಲಿಯೊಳಗೆ ಕೂಡಿಹಾಕಿದ ಕಾಲದ ಹೆಸರು ಅದು. ಕೊಲ್ಹಾಪುರದ ಶಾಹೂ ಮಹಾರಾಜರು ಮಾತ್ರ ತಮ್ಮ ಸಂಸ್ಥಾನದಲ್ಲಿ ಫಾಸೆಪಾರಧಿ ಜನರನ್ನು ನಂಬಿ ಕೆಲಸ ಕೊಟ್ಟಿದ್ದರು. 1952ರಲ್ಲಿ ಆ ಕಾನೂನು ರದ್ದಾಯಿತು. ಜನರ ಮನಸ್ಸಿನಿಂದ ರದ್ದಾಗಲಿಲ್ಲ.

ಬೇಟೆಯಾಡುವವರು ಊರಿನೊಳಗೂ ಇದ್ದರು. ಅವರನ್ನು ಯಾರೂ ಅಪರಾಧಿಗಳೆನ್ನುತ್ತಿರಲಿಲ್ಲ. ಲೈಸೆನ್ಸಿನ ಬಂದೂಕು, ಜೀಪು, ಮುಧೋಳದಿಂದ ತರಿಸಿದ ನಾಯಿಗಳು. ಜೋಳದ ರಾಶಿ ಮುಗಿದು ಎರೆಯ ಹೊಲಗಳು ಬರಿದಾದ ಮೇಲೆ, ಹೋಳಿಯಿಂದ ಯುಗಾದಿಯವರೆಗೆ, ಅವರ ಶಿಕಾರಿಯ ಕಾಲ. ಅದು ಅವರಿಗೆ ಹವ್ಯಾಸ. ಸೋವಲು, ಅಂದರೆ ಕೂಗಿ ಗದ್ದಲವೆಬ್ಬಿಸಿ ಮೃಗವನ್ನು ಬಂದೂಕಿನ ಕಡೆಗೆ ಅಟ್ಟಲು, ಹರಣಶಿಕಾರಿ ಹುಡುಗರನ್ನು ಕರೆದೊಯ್ಯುತ್ತಿದ್ದರು. 1972ರಲ್ಲಿ ವನ್ಯಜೀವಿ ಕಾಯಿದೆ ಬಂದು ಚಿಗರಿಯನ್ನು ಮೊದಲ ಅನುಸೂಚಿಗೆ ಸೇರಿಸಿ ಕೊಲ್ಲುವುದನ್ನು ಪೂರ್ತಿಯಾಗಿ ನಿಷೇಧಿಸಿತ್ತು. ಮೊಲ, ಕೌಜುಗಗಳಂತಹ ಸಣ್ಣ ಬೇಟೆಗೆ ಪರವಾನಗಿ ಬೇಕಾಗಿತ್ತು. 1991ರ ತಿದ್ದುಪಡಿಯಿಂದ ಅದೂ ನಿಂತಿತು. ಕಾಯಿದೆ ಒಳ್ಳೆಯದೇ. ಅದಿಲ್ಲದಿದ್ದರೆ ಚಿಗರಿಯನ್ನು ಇಂದು ಚಿತ್ರದಲ್ಲಿ ಮಾತ್ರ ನೋಡಬೇಕಾಗುತ್ತಿತ್ತು. ಆದರೆ ಕಾಯಿದೆಯ ಕೈ ಯಾರ ಹೆಗಲ ಮೇಲೆ ಮೊದಲು ಬೀಳುವುದೆಂಬುದನ್ನು ನಾನು ಕಣ್ಣಾರೆ ಕಂಡೆ.

1986ರ ಜೂನ್ 29. ಮೆಕ್ಸಿಕೊದಲ್ಲಿ ವಿಶ್ವಕಪ್ಪಿನ ಅಂತಿಮ ಪಂದ್ಯ. ಅರ್ಜೆಂಟೀನಾ ಮತ್ತು ಪಶ್ಚಿಮ ಜರ್ಮನಿ. ಅಲ್ಲಿ ನಡುಹಗಲಾದರೆ ನಮಗೆ ರಾತ್ರಿ ಹನ್ನೊಂದೂವರೆ. ಊರಿನಲ್ಲಿ ಬಣ್ಣದ ಟಿ.ವಿ. ಇದ್ದದ್ದು ಒಬ್ಬ ಸಾವಕಾರರ ಮನೆಯಲ್ಲಿ. ಅವರು ನಮ್ಮ ಶಾಲೆಯ ಆಡಳಿತ ಮಂಡಳಿಯ ಸದಸ್ಯರೂ ಹೌದು, ಶಿಕಾರಿಗಳ ಗುಂಪಿನ ಹಿರಿಯರೂ ಹೌದು. ನನ್ನನ್ನು ಗೌರವದಿಂದ ಕರೆದು ಮುಂದಿನ ಕುರ್ಚಿಯಲ್ಲಿ ಕೂಡಿಸಿದರು. ಮಾಳಿಗೆಯ ಮೇಲೆ ಎತ್ತರದ ಕಂಬಕ್ಕೆ ಆಂಟೆನಾ ಕಟ್ಟಿತ್ತು. ಅಂದು ಮಳೆಗಾಳಿ. ಗಾಳಿ ಬೀಸಿದೊಡನೆ ಆಂಟೆನಾ ತಿರುಗಿ ಚಿತ್ರವೆಲ್ಲ ಚುಕ್ಕೆಚುಕ್ಕೆಯಾಗುತ್ತಿತ್ತು. ಕಂಬ ಹಿಡಿದು ನಿಲ್ಲಲು ಒಬ್ಬನನ್ನು ಮೇಲೆ ಹತ್ತಿಸಿದ್ದರು. ಅವನೇ, ನನ್ನ ಹುಡುಗ. ಆಗ ಅವನಿಗೆ ಇಪ್ಪತ್ತು ವರ್ಷ.

"ಬಂತೇನ್ರಿ?" ಎಂದು ಮೇಲಿನಿಂದ ಅವನು ಕೂಗುವುದು, "ಬಂತು, ಅಲ್ಲೇ ಹಿಡಿ!" ಎಂದು ಕೆಳಗಿನಿಂದ ಇವರು ಕೂಗುವುದು. ಬ್ರೌನ್ ತಲೆಯಿಂದ ಹೊಡೆದ ಮೊದಲ ಗೋಲನ್ನು ನಾವು ನೋಡಿದೆವು. ಅವನು ನಮ್ಮ ಕೇಕೆಯನ್ನು ಕೇಳಿದ. ಮೇಲೆ ಹೋಗಿ ಆಟ ತಿಳಿದವನನ್ನು ಕೆಳಗೆ ಕಳಿಸಿ, ಒಂದು ಗಳಿಗೆ ಕಂಬ ಹಿಡಿದು ನಿಲ್ಲಬೇಕೆಂದು ನನಗೆ ಅನ್ನಿಸಿತು. ಕುರ್ಚಿಯಿಂದ ಏಳಲಿಲ್ಲ.

ಅರ್ಧವೇಳೆಯಲ್ಲಿ ಚಹಾ ಬಂತು, ಜೊತೆಗೆ ಬೇಟೆಯ ಮಾತು ಬಂತು. ಯುಗಾದಿಯ ಹಿಂದಿನ ವಾರ ಅಥಣಿಯ ಪೂರ್ವದ ಎರೆನೆಲದಲ್ಲಿ ಹೊಡೆದ ಗಂಡು ಚಿಗರಿಯ ಕಥೆ. ಜೀಪಿನ ದೀಪಕ್ಕೆ ಅದು ಹೇಗೆ ಬೆರಗಾಗಿ ನಿಂತಿತು, ಯಾರ ಗುಂಡು ತಗುಲಿತು, ಕೊಂಬು ಎಷ್ಟು ಸುತ್ತು ಇದ್ದವು, ಎಲ್ಲವೂ. "ತೊಗಲು ಸುಲಿದವ ಮ್ಯಾಲೆ ನಿಂತಾನ ನೋಡ್ರಿ, ಅವರಪ್ಪ" ಎಂದು ಒಬ್ಬರು ನಕ್ಕರು. ತೊಗಲನ್ನು ಹದ ಮಾಡಲು ಆ ಗುಡಿಸಲಿನಲ್ಲಿಯೇ ಬಿಟ್ಟಿದ್ದರಂತೆ. ನಾನು ಮಾಂಸ ತಿನ್ನುವವನಲ್ಲ, ಕೊಲೆ ಕಂಡರೆ ಹೇಸುವವನು. ಆದರೂ ಎಲ್ಲರೊಡನೆ ನಕ್ಕೆ. ಉತ್ತರಾರ್ಧ ಶುರುವಾಯಿತು. ವಾಲ್ದಾನೊ ಎರಡನೆಯ ಗೋಲು ಹೊಡೆದ. ಜರ್ಮನರು ಎರಡು ಕಾರ್ನರುಗಳಿಂದ ಎರಡನ್ನೂ ಸರಿಗಟ್ಟಿದರು. ಕೊನೆಗೆ ಮರಡೋನಾ ಒಂದೇ ಒಂದು ಸ್ಪರ್ಶದಲ್ಲಿ ಚೆಂಡನ್ನು ದಾರಿಗೆ ಹಾಕಿದ. ಬುರುಚಾಗಾ ಓಡಿ ಹೋಗಿ ಮೂರನೆಯದನ್ನು ಹೊಡೆದ. ನಾವು ಕುಣಿದೆವು. ಹೊರಗೆ ಬಂದಾಗ ಅವನು ಮಾಳಿಗೆಯಿಂದ ಇಳಿದು ತೊಯ್ದ ಅಂಗಿ ಹಿಂಡುತ್ತ ನಿಂತಿದ್ದ. "ಯಾರು ಗೆದ್ದರ್ರಿ ಸರ?" ಎಂದು ಕೇಳಿದ.

ಮೂರು ತಿಂಗಳ ನಂತರ ಗುಡಿಸಲುಗಳ ಮೇಲೆ ದಾಳಿಯಾಗಿ ಆ ತೊಗಲು ಸಿಕ್ಕಿತು. ತಂದೆ ಊರಲ್ಲಿರಲಿಲ್ಲ, ಮಗನನ್ನು ಹಿಡಿದೊಯ್ದರು. ಮರುದಿನ ಸಂಜೆ ತಂದೆ ನಮ್ಮ ಮನೆಯ ಬಾಗಿಲಿಗೆ ಬಂದ. ಹೊಸ್ತಿಲು ದಾಟಲಿಲ್ಲ. "ಗುರುಗಳ, ಆ ಚಿಗರಿ ಯಾರು ಹೊಡದಾರ ಅನ್ನೂದು ನಿಮಗ ಗೊತ್ತೈತಿ. ಅವತ್ತು ರಾತ್ರಿ ಅವರು ನಿಮ್ಮ ಮುಂದನ ಮಾತಾಡ್ಯಾರ, ಮ್ಯಾಲೆ ನಿಂತ ನನ್ನ ಮಗಗ ಕೇಳೈತಿ. ನೀವು ಒಂದ ಮಾತ ಹೇಳಿದ್ರ ಬಿಡತಾರ" ಎಂದ. ಅವನು ಬೇರೇನನ್ನೂ ಕೇಳಲಿಲ್ಲ.

"ನೋಡೋಣ" ಎಂದೆ. ಆ ರಾತ್ರಿ ನಿದ್ದೆ ಬರಲಿಲ್ಲ ಎಂದು ಬರೆದರೆ ನೀವು ನನ್ನ ಮೇಲೆ ಕರುಣೆ ತೋರಿಯೀರಿ. ಆದ್ದರಿಂದ ನಿಜವನ್ನೇ ಬರೆಯುತ್ತೇನೆ. ನಿದ್ದೆ ಬಂತು. ಬಡ್ತಿಯ ಕಾಗದ ಆಡಳಿತ ಮಂಡಳಿಯ ಮುಂದಿತ್ತು. ನಾನು ಕಣ್ಣಾರೆ ಕಂಡಿಲ್ಲ, ಮಾತು ಕೇಳಿದ್ದೇನೆ ಅಷ್ಟೇ ಎಂದು ನನಗೆ ನಾನೇ ವ್ಯಾಕರಣ ಹೇಳಿಕೊಂಡೆ. ಮರುದಿನವೂ ಹೋಗಲಿಲ್ಲ, ಆಮೇಲೂ ಹೋಗಲಿಲ್ಲ. ಹನ್ನೊಂದು ದಿನಗಳ ನಂತರ ಅವನಿಗೆ ಜಾಮೀನು ಸಿಕ್ಕಿತು. ಮೊಕದ್ದಮೆ ವರ್ಷಗಟ್ಟಲೆ ಎಳೆದು ಸಾಕ್ಷಿಯಿಲ್ಲದೆ ಬಿದ್ದುಹೋಯಿತು. ಅಷ್ಟರಲ್ಲಿ, ಓಟದ ಪರೀಕ್ಷೆಯಲ್ಲಿ ಮೊದಲಿಗನಾಗಿದ್ದ ಸರಕಾರಿ ಕೆಲಸವೊಂದು ಅವನ ಕೈತಪ್ಪಿತ್ತು. ಮತ್ತೆ ಅವನು ನಮ್ಮ ಬಯಲಿಗೆ ಆಡಲು ಬರಲಿಲ್ಲ. ನನಗೆ ಬಡ್ತಿ ಸಿಕ್ಕಿತು.

ಹಳೆಯ ವಿದ್ಯಾರ್ಥಿಗಳು ಹೊರಟ ಮೇಲೆ ಅವನ ವಿಳಾಸ ವಿಚಾರಿಸಿದೆ. ರಾಯಬಾಗ ಕಡೆಯ ಹಳ್ಳಿಯೊಂದರಲ್ಲಿ ಮಗನ ಮನೆಯಲ್ಲಿದ್ದಾನೆಂದು ತಿಳಿಯಿತು. ಮುಂದಿನ ವಾರ ಮೊಮ್ಮಗನ ಕಾರಿನಲ್ಲಿ ಹೋದೆ. ತಲೆ ಪೂರ್ತಿ ಬೆಳ್ಳಗಾಗಿದೆ, ಮೊಣಕಾಲು ಹಿಡಿದಿದೆ. ನನ್ನನ್ನು ಕಂಡು ಎದ್ದು ನಿಂತ. ದಾರಿಯುದ್ದಕ್ಕೂ ಕಟ್ಟಿಕೊಂಡ ವಾಕ್ಯಗಳೆಲ್ಲ ಮರೆತವು. "ಅಂದು ನಾ ಬರಬೇಕಾಗಿತ್ತು, ಬರಲಿಲ್ಲ. ತಪ್ಪಾಯಿತು" ಎಂದಷ್ಟೇ ಹೇಳಿದೆ.

ಅವನು ಬಹಳ ಹೊತ್ತು ನೆಲ ನೋಡಿದ. "ನಾ ಮರತೇನ್ರಿ ಸರ. ಆದ್ರ ನಮ್ಮಪ್ಪ ಸಾಯೂಮಟ ಮರೀಲಿಲ್ಲ. ಮಾಸ್ತರ್ರು ಬರತಾರ, ಬರತಾರ ಅಂತ ಹನ್ನೊಂದು ದಿನ ಠಾಣೆದ ಮುಂದ ಕುಂತಿದ್ನಂತ" ಎಂದ. ಅದಕ್ಕೆ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಆಮೇಲೆ ಅವನೇ ಮಾತು ತಿರುಗಿಸಿದ. ಆ ಪಂದ್ಯ ಹೇಗಿತ್ತು, ಕಡೆಯ ಗೋಲು ಹೇಗೆ ಬಂತು ಎಂದು ಕೇಳಿದ. ನನ್ನ ಮೊಮ್ಮಗ ಮೊಬೈಲಿನಲ್ಲಿ ಹುಡುಕಿ ಕೊಟ್ಟ. ಬುರುಚಾಗಾ ಓಡುವುದನ್ನು ಅವನು ಮೂರು ಸಲ ನೋಡಿದ. ನೋಡಿ, "ಗೋಲಿ ಮುಂದ ಬಂದದ್ದು ಲಗೂನ ಆತು, ಸರ. ಕಾಯಬೇಕಿತ್ತು" ಎಂದ. ಆಟದ ಬಗ್ಗೆ ಅವನ ಕಣ್ಣು ಇನ್ನೂ ಹಾಗೆಯೇ ಇದೆ.

ಇದನ್ನು ಬರೆಯಲು ಅವನ ಒಪ್ಪಿಗೆ ಪಡೆದಿದ್ದೇನೆ. ತರಗತಿಯಲ್ಲಿ ಸತ್ಯ ನುಡಿಯಬೇಕೆಂದು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಿಮಗೆ ಹೇಳುತ್ತ ಬಂದವನು ನಾನು. ಹೇಳಬೇಕಾದ ಒಂದು ದಿನ ನಾನು ಹೇಳಲಿಲ್ಲವೆಂಬುದು ನಿಮಗೆ ತಿಳಿದಿರಲಿ. ಕಾಡುಹಂದಿಗೆ ಗುಂಡು ಹಾಕುವ ಮಾತನ್ನಾಡಿದ ನನ್ನ ಪ್ರಿಯ ಶಿಷ್ಯನಿಗೂ ಇಷ್ಟೇ ಹೇಳುವೆ: ಪರಿಹಾರದ ಅರ್ಜಿಯನ್ನೇ ಬರೆಯಪ್ಪ, ಬೇಕಾದರೆ ನಾನು ಬರೆದುಕೊಡುತ್ತೇನೆ. ಗುಂಡು ಹಾರಿಸುವವನು ಒಬ್ಬ, ಅದಕ್ಕಾಗಿ ಠಾಣೆಯಲ್ಲಿ ಕೂಡುವವನು ಇನ್ನೊಬ್ಬ ಆಗುವುದನ್ನು ನಾನು ಒಮ್ಮೆ ನೋಡಿದ್ದೇನೆ.