ಮನ್ಸಿಯ ಬಯಲಿನಲ್ಲಿ

ಇಂಡಿಯಾನಾಪೊಲಿಸ್ ನಗರದಿಂದ ಈಶಾನ್ಯಕ್ಕೆ ಸುಮಾರು 60 ಮೈಲಿ ಹೋದರೆ ಮನ್ಸಿ ಎಂಬ ಊರು. ದಾರಿಯುದ್ದಕ್ಕೂ ಮುಸುಕಿನ ಜೋಳ ಮತ್ತು ಸೋಯಾ ಹೊಲಗಳು. ಗುಡ್ಡವೆಂಬುದೇ ಇಲ್ಲ. ಚಾಮುಂಡಿ ಬೆಟ್ಟವನ್ನು ನೋಡಿಕೊಂಡೇ ಬೆಳೆದ ನನಗೆ ಇಷ್ಟು ಆಕಾಶವನ್ನು ಒಟ್ಟಿಗೆ ನೋಡಿ ಅಭ್ಯಾಸವಿಲ್ಲ. ಬಾಲ್ ಎಂಬ ಹೆಸರಿನ ಗಾಜಿನ ಜಾಡಿಗಳಿಗೆ ಒಂದು ಕಾಲದಲ್ಲಿ ಹೆಸರಾಗಿದ್ದ ಊರು ಇದು. ನಾವು ಹೋದದ್ದು ಜಾಡಿ ನೋಡಲಲ್ಲ, ಮನೆಯ ಜಗಳವೊಂದನ್ನು ತೀರಿಸಿಕೊಳ್ಳಲು.

ಜಗಳಕ್ಕೆ ಕಾರಣ ನಾನೇ. ಹನ್ನೊಂದು ವರ್ಷದ ಮೊಮ್ಮಗನಿಗೆ ಹುಟ್ಟುಹಬ್ಬಕ್ಕೆಂದು ಡ್ರೋನ್ ಕೊಡಿಸಿದ್ದೆ. ಪೆಟ್ಟಿಗೆಯ ಮೇಲೆ 249 ಗ್ರಾಂ ಎಂದಿತ್ತು. ಮೋಜಿಗಾಗಿ ಹಾರಿಸುವ ಡ್ರೋನು 250 ಗ್ರಾಂಗಿಂತ ಕಡಿಮೆ ಇದ್ದರೆ ಅಮೆರಿಕದಲ್ಲಿ ನೋಂದಣಿ ಬೇಡ ಎಂದು ತಿಳಿದು ನಿಶ್ಚಿಂತನಾಗಿದ್ದೆ. ಹುಡುಗ ಅದರ ರೆಕ್ಕೆಗಳ ಸುತ್ತ ರಕ್ಷಣೆಯ ಬಳೆ ಸಿಕ್ಕಿಸಿ ಹಿತ್ತಲಿನಲ್ಲಿ ಹಾರಿಸಿದ. ಅದು ಬೇಲಿ ದಾಟಿ, ಪಕ್ಕದ ಮನೆಯಂಗಳದಲ್ಲಿ ಕುಳಿತಿದ್ದ ಅಜ್ಜಿಯ ತಲೆಯ ಮೇಲೆ ಸುಳಿದಾಡಿತು. ಆಕೆ ಬಾಗಿಲು ತಟ್ಟಿದರು.

ಸಂಜೆ ಮಗಳು ಡ್ರೋನನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟಳು. ಬಳೆ ಸೇರಿ 250 ದಾಟಿತ್ತು. ನಿಯಮದ ಪ್ರಕಾರ ಹಾರುವಾಗ ಇರುವ ತೂಕವೇ ಲೆಕ್ಕ, ಪೆಟ್ಟಿಗೆಯ ಮೇಲಿನದಲ್ಲ. ನೋಂದಣಿ ಮಾಡಿಸುವವರಿಗೆ 13 ವರ್ಷವಾದರೂ ಆಗಿರಬೇಕು. ಅದಕ್ಕಿಂತ ಚಿಕ್ಕವರ ಪರವಾಗಿ ಬೇರೊಬ್ಬರು ತಮ್ಮ ಹೆಸರಿನಲ್ಲಿ ಮಾಡಿಸಬೇಕು. ಶುಲ್ಕ 3 ವರ್ಷಕ್ಕೆ 5 ಡಾಲರ್. ಪ್ರಶ್ನೆ ದುಡ್ಡಿನದಾಗಿರಲಿಲ್ಲ.

“ಅಪ್ಪಾ, ನನ್ನ ಹೆಸರು ಹೊತ್ತುಕೊಂಡು ಇದು ಕಂಡವರ ಮನೆಯ ಮೇಲೆಲ್ಲ ತಿರುಗಬೇಕಾ? ನಾನು ಮಾಡಿಸೋದಿಲ್ಲ,” ಎಂದಳು ಮಗಳು. ಮೊಮ್ಮಗ ಊಟ ಬಿಟ್ಟ. ನಾನು ಇಬ್ಬರಿಗೂ ಬೇಡದವನಾದೆ.

ಹಾರಿಸುವುದನ್ನು ಬಲ್ಲವರ ಬಳಿಗೇ ಹೋಗೋಣ ಎಂದು ಮನ್ಸಿಯ ಹೆಸರು ಹೇಳಿದವನು ಅಳಿಯ. 1936ರಲ್ಲಿ ಹುಟ್ಟಿದ ಅಕಾಡೆಮಿ ಆಫ್ ಮಾಡೆಲ್ ಏರೋನಾಟಿಕ್ಸ್‌ನ ಕೇಂದ್ರ ಕಚೇರಿ ಈಗ ಇಲ್ಲಿದೆ. ಸುತ್ತ ಸಾವಿರ ಎಕರೆಗೂ ಹೆಚ್ಚಿನ ಬಯಲು, ಜೊತೆಗೊಂದು ವಸ್ತುಸಂಗ್ರಹಾಲಯ. ಒಳಗೆ ಬಾಲ್ಸಾ ಮರದ ಕಡ್ಡಿ, ತೆಳು ಕಾಗದ, ರಬ್ಬರುಗಳಿಂದ ಮಾಡಿದ ಪುಟ್ಟ ವಿಮಾನಗಳು. ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಕೂಡ ಪಕ್ಕದ ಒಹಾಯೊ ರಾಜ್ಯದಲ್ಲಿ ಬೆಳೆಯುತ್ತಿದ್ದಾಗ ಇಂಥವನ್ನೇ ಅಂಟಿಸುತ್ತ ಕೂರುತ್ತಿದ್ದ ಹುಡುಗ. ಇದನ್ನು ಕೇಳಿ ಮೊಮ್ಮಗ ಸ್ವಲ್ಪ ಗೆಲುವಾದ.

ಬಯಲಿನಲ್ಲಿ ಒಬ್ಬರು ರಬ್ಬರನ್ನು ನೂರಾರು ಸುತ್ತು ತಿರುಚಿ ವಿಮಾನವನ್ನು ಕೈಯಿಂದ ಬಿಟ್ಟರು. ಅದಕ್ಕೆ ರೇಡಿಯೊ ಇಲ್ಲ, ಕಡಿವಾಣವಿಲ್ಲ. ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಗಾಳಿ ಸಿಕ್ಕಿತೋ, ಹದ್ದಿನಂತೆ ಸುತ್ತುತ್ತ ಏರಿಬಿಡುತ್ತದೆ, ಕೆಲವೊಮ್ಮೆ ಮರಳಿ ಬರುವುದೇ ಇಲ್ಲ. ಅದಕ್ಕಾಗಿ ಗೊತ್ತುಮಾಡಿದ ಹೊತ್ತಿಗೆ ಬಾಲವನ್ನು ಎತ್ತಿ ವಿಮಾನವನ್ನು ಕೆಳಗಿಳಿಸುವ ಪುಟ್ಟ ಸಾಧನವನ್ನು ಹಾರಿಸುವ ಮೊದಲೇ ಅಳವಡಿಸಿರುತ್ತಾರೆ. ಮೇಲೆ ಹೋಗುವುದನ್ನಷ್ಟೇ ನೋಡುತ್ತಿದ್ದ ಮೊಮ್ಮಗನಿಗೆ ಅದು ತಟ್ಟನೆ ಬಾಲವೆತ್ತಿ ಇಳಿಯತೊಡಗಿದ್ದು ಮಂತ್ರದಂತೆ ಕಂಡಿರಬೇಕು.

ವಿಮಾನದ ಯಜಮಾನರು, ಎಪ್ಪತ್ತು ದಾಟಿದವರು, ಹುಡುಗನ ಕಂಕುಳಿನ ಪೆಟ್ಟಿಗೆ ನೋಡಿ ಸದಸ್ಯನೇ ಎಂದು ಕೇಳಿದರು. ಅಲ್ಲ. ಹಾಗಾದರೆ ಇಲ್ಲಿ ಹಾರಿಸುವಂತಿಲ್ಲ. ಸದಸ್ಯರಿಗೆ ವಾರ್ಷಿಕ ಚಂದಾ, ಪಾಲಿಸಲು ಸುರಕ್ಷತಾ ನಿಯಮಾವಳಿ. ಇತರರಿಗೆ ಹಾನಿಯಾದರೆ ವಿಮೆಯ ಆಸರೆ. ಮಕ್ಕಳಿಗೆ ಚಂದಾ ತೀರಾ ಕಡಿಮೆ. ಆದರೆ ದೇಶದಲ್ಲಿ ಎಲ್ಲಿಯೂ ಹಾರಿಸದಂತೆ ಕಾನೂನು ತಡೆಯುತ್ತಿಲ್ಲ, ಸಂಘ ಸೇರುವುದೂ ಕಡ್ಡಾಯವಲ್ಲ. ಸರ್ಕಾರ ಮಾನ್ಯಮಾಡಿದ ಒಂದು ಸಂಘದ ಸುರಕ್ಷತಾ ನಿಯಮಗಳನ್ನು ಪಾಲಿಸಿದರಾಯಿತು.

“ಅದು ಕಣ್ಣಿಗೆ ಕಾಣದಷ್ಟು ದೂರ ಹೋದರೆ?” ಎಂದು ಹಿರಿಯರು ಕೇಳಿದರು.

“ಫೋನಿನ ಪರದೆಯಲ್ಲಿ ಕಾಣುತ್ತಲ್ಲ.”

“ಪರದೆಯಲ್ಲಿ ಮುಂದಿನದಷ್ಟೇ ಕಾಣುತ್ತದೆ. ಪಕ್ಕದಿಂದ ಹೆಲಿಕಾಪ್ಟರ್ ಬಂದರೆ?”

ಹುಡುಗ ಸುಮ್ಮನಾದ. ಡ್ರೋನು ಸದಾ ಕಣ್ಣಳತೆಯಲ್ಲಿರಬೇಕು. ಮನುಷ್ಯರಿರುವ ವಿಮಾನಕ್ಕೆ ದಾರಿ ಬಿಡಬೇಕು. 400 ಅಡಿ ಮೀರಬಾರದು. ವಿಮಾನ ನಿಲ್ದಾಣಗಳ ಸುತ್ತಲಿನ ನಿಯಂತ್ರಿತ ವಾಯುಪ್ರದೇಶದಲ್ಲಾದರೆ ಮೊದಲೇ ಅನುಮತಿ ಪಡೆಯಬೇಕು. ಇವನ್ನೆಲ್ಲ ಕೇಳುವ ಟ್ರಸ್ಟ್ ಎಂಬ ಪರೀಕ್ಷೆಯೊಂದಿದೆ. ಎಷ್ಟೇ ಹಗುರದ ಡ್ರೋನಾದರೂ ಇದು ಬೇಕೇಬೇಕು, ಶುಲ್ಕವಿಲ್ಲ. ತಪ್ಪು ಉತ್ತರ ಕೊಟ್ಟರೆ ಕಾರಣ ವಿವರಿಸಿ ಮತ್ತೆ ಕೇಳುತ್ತಾರೆ, ನಪಾಸಾಗುವ ಭಯವಿಲ್ಲ. ಪ್ರಮಾಣಪತ್ರವನ್ನು ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಬೇಕು, ಕಳೆದರೆ ಪರೀಕ್ಷೆ ಮತ್ತೆ ಬರೆಯಬೇಕು.

ಮರದ ನೆರಳಿನ ಬೆಂಚಿನ ಮೇಲೆ ಕೂತು ಮೊಮ್ಮಗ ಫೋನಿನಲ್ಲೇ ಬರೆದ. ಮಗಳು ಪಕ್ಕದಲ್ಲಿ ಕೂತು, ಯಾರೂ ಹೇಳದೆ, ತಾನೂ ಬರೆದಳು. ಎರಡು ಪ್ರಶ್ನೆಗಳಲ್ಲಿ ಅವಳೂ ತಪ್ಪಿದಳು. ಮಗ ನಕ್ಕ. ಜಗಳ ಅಲ್ಲಿಗೆ ಅರ್ಧ ಮುಗಿದಿತ್ತು.

ವಾಪಸು ಬರುವಾಗ ಹುಡುಗ, “ತಾತ, ಮೈಸೂರಿಗೆ ಬರುವಾಗ ಇದನ್ನೂ ತರಲಾ?” ಎಂದ. ಬೇಡವೆನ್ನಬೇಕಾಯಿತು. 2022ರ ಫೆಬ್ರವರಿಯಲ್ಲಿ ಭಾರತ ಸಿದ್ಧ ಡ್ರೋನುಗಳ ಆಮದನ್ನು ನಿಷೇಧಿಸಿತು. ಮಕ್ಕಳಿಗೆ, ಮೊಮ್ಮಕ್ಕಳಿಗೆ ವಿದೇಶದಿಂದ ಡ್ರೋನ್ ತಂದುಕೊಡುವ ಆಸೆಯಿರುವ ಓದುಗರು ಇದನ್ನು ನೆನಪಿಡಬೇಕು. ನಮ್ಮ 2021ರ ನಿಯಮಗಳಲ್ಲೂ ವಿಮಾನ ನಿಲ್ದಾಣದ ಅಂಚಿನಿಂದ 8 ಕಿಲೋಮೀಟರ್ ಒಳಗೆ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಜಕ್ಕೂರಿನ ಸುತ್ತಮುತ್ತ ಮನೆ ಮಾಡಿರುವವರಿಗೆ ಇದು ಗೊತ್ತಿದ್ದರೆ ಒಳ್ಳೆಯದು.

ಮರುದಿನ ಮೊಮ್ಮಗ ಪಕ್ಕದ ಮನೆಯ ಅಜ್ಜಿಯ ಬಳಿ ಒಬ್ಬನೇ ಹೋಗಿ ಕ್ಷಮೆ ಕೇಳಿ ಬಂದ. ಆಮೇಲೆ ಮಗಳು ತನ್ನ ಹೆಸರಿನಲ್ಲಿ ನೋಂದಣಿ ಮಾಡಿಸಿದಳು. ಸಿಕ್ಕ ಸಂಖ್ಯೆ ಡ್ರೋನಿನ ಹೊರಮೈ ಮೇಲೆ ಕಾಣುವಂತಿರಬೇಕು. ಅವನು ಮಾರ್ಕರ್ ಪೆನ್ನಿನಲ್ಲಿ ಬರೆದ. ಅಂಕಿಗಳು ಸೊಟ್ಟಗಾಗಿದ್ದವು. ಮಗಳು ಒರೆಸಿ ಮತ್ತೆ ಬರೆಸಿದಳು.