ಮುಂಡಗೋಡದ ಬಾಲೆಪ್, ಐರ್ಲೆಂಡಿನ ಸೋಡಾ ಬ್ರೆಡ್

ಹುಬ್ಬಳ್ಳಿ ಕಡೆಯಿಂದ ಮುಂಡಗೋಡಕ್ಕೆ ಬಂದು ಟಿಬೆಟನ್ ಕಾಲೊನಿಯ ದಾರಿ ಹಿಡಿದರೆ, ಬೇರೆಯೇ ದೇಶಕ್ಕೆ ಬಂದಂತಾಗುತ್ತದೆ. ಹೊಲಗದ್ದೆಗಳ ಆಚೆ ಬೌದ್ಧ ಮಠಗಳು, ಮನೆಗಳ ಮುಂದೆ ಬಣ್ಣಬಣ್ಣದ ಪ್ರಾರ್ಥನಾ ಪತಾಕೆಗಳು. 1959ರ ನಂತರ ತಾಯ್ನಾಡು ಬಿಟ್ಟು ಬಂದವರಿಗಾಗಿ 1966ರಲ್ಲಿ ಆರಂಭವಾದ ನೆಲೆ ಇದು. ಟಿಬೆಟಿನ ಗಾಂಡೆನ್ ಮತ್ತು ಡ್ರೆಪುಂಗ್ ಮಠಗಳು ಮತ್ತೆ ತಲೆಯೆತ್ತಿದ್ದು ಇಲ್ಲಿಯೇ.

ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಚಹಾದೊಂದಿಗೆ ‘ಬಾಲೆಪ್’ ಕೊಟ್ಟರು. ಗೋಧಿ ಹಿಟ್ಟಿಗೆ ಬೇಕಿಂಗ್ ಪೌಡರ್ ಬೆರೆಸಿ, ದಪ್ಪ ತಳದ ಬಾಣಲೆಯಲ್ಲಿ ಮುಚ್ಚಿ ಬೇಯಿಸಿದ ದುಂಡು ರೊಟ್ಟಿ. ಓವನ್ ಬೇಕಿಲ್ಲ, ಒಲೆಯಿದ್ದರೆ ಸಾಕು.

ತಿನ್ನುವಾಗ ನನಗೆ ನೆನಪಾದದ್ದು ಐರ್ಲೆಂಡಿನ ಸೋಡಾ ಬ್ರೆಡ್. ಅಲ್ಲಿನ ಬಡವರ ಮನೆಗಳಲ್ಲೂ ಓವನ್ ಇರಲಿಲ್ಲ. ಕಬ್ಬಿಣದ ಪಾತ್ರೆಯಲ್ಲಿಟ್ಟು, ಮುಚ್ಚಳದ ಮೇಲೂ ಕೆಂಡ ಹಾಕಿ ಬೇಯಿಸುತ್ತಿದ್ದರು. ಹುಳಿ ಮಜ್ಜಿಗೆ ಸೋಡಾದೊಡನೆ ಸೇರಿದಾಗ ಹುಟ್ಟುವ ಅನಿಲವೇ ಹಿಟ್ಟನ್ನು ಉಬ್ಬಿಸುತ್ತದೆ, ಈಸ್ಟ್ ಬೇಡ. 1845ರಿಂದ ಕಾಡಿದ ಕ್ಷಾಮದಲ್ಲಿ ಹಡಗು ಹತ್ತಿದವರೊಂದಿಗೆ ಈ ಬ್ರೆಡ್ ಅಮೆರಿಕಕ್ಕೂ ಹೋಯಿತು. ಇದೂ ಊರು ಬಿಟ್ಟವರ ರೊಟ್ಟಿಯೇ.

ನೀವೂ ಮಾಡಬಹುದು. ಎರಡು ಬಟ್ಟಲು ಗೋಧಿ ಹಿಟ್ಟಿಗೆ ಅರ್ಧ ಚಮಚ ಸೋಡಾ, ಉಪ್ಪು, ಹಿಟ್ಟು ಹಿಡಿಯುವಷ್ಟು ಹುಳಿ ಮಜ್ಜಿಗೆ. ಹೆಚ್ಚು ನಾದಬೇಡಿ, ತಡವೂ ಮಾಡಬೇಡಿ. ದುಂಡಗೆ ತಟ್ಟಿ, ಮೇಲೆ ಕೂಡು ಗುರುತಿನಂತೆ ಗೀರಿ, ದಪ್ಪ ಬಾಣಲೆಯಲ್ಲಿ ಮುಚ್ಚಿ ಸಣ್ಣ ಉರಿಯಲ್ಲಿ ಎರಡೂ ಬದಿ ಬೇಯಿಸಿ. ತಳ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಬೆಂದಿದೆ ಎಂದರ್ಥ.

ಬಾಲೆಪ್‌ನ ಅಳತೆಯನ್ನೂ ಕೇಳಿದೆ. ಅಜ್ಜಿ ನಕ್ಕರು. ಹೊರದೇಶಕ್ಕೆ ಹೋಗಿರುವ ಮೊಮ್ಮಗಳು ಫೋನಿನಲ್ಲಿ ಕೇಳುವುದೂ ಇದನ್ನೇ ಅಂತೆ.

“ಅಳತೆ ಎಲ್ಲಿದೆ? ಕೈಗೆ ಗೊತ್ತು. ಕೈಯನ್ನು ಫೋನಿನಲ್ಲಿ ಕಳಿಸುವುದು ಹೇಗೆ?”